ಕೊರಲೆ: ಕಾಳಿಗೋ ಹುಲ್ಲಿಗೋ, ಬಿತ್ತುವ ಮೊದಲೇ ತೀರ್ಮಾನಿಸಿ

ಪ್ರಶ್ನೆ: ಶಿರಾ ತಾಲ್ಲೂಕಿನಲ್ಲಿ ನಮಗೆ ಎರಡು ಎಕರೆ ಮಳೆಯಾಶ್ರಿತ ಕೆಂಪು ಗರಸು ಜಮೀನಿದೆ. ಬದುವಿನ ಮೇಲೆ ನಾಲ್ಕು ದೊಡ್ಡ ಹುಣಸೆಮರಗಳಿವೆ. ಮನೆಯಲ್ಲಿ ಎರಡು ಹಸು, ಹದಿನೈದು ಕುರಿ. ಎರಡು ವರ್ಷದಿಂದ ರಾಗಿ ಕೈಕೊಟ್ಟಿದೆ. ಕೊರಲೆ ಹಾಕಿದರೆ ಊಟಕ್ಕೆ ಕಾಳು, ದನಕ್ಕೆ ಹುಲ್ಲು ಎರಡೂ ಆಗುತ್ತದೆ ಎನ್ನುತ್ತಾರೆ. ಆದರೆ ಪಕ್ಕದ ಹೊಲದವರು ಹೋದ ವರ್ಷ ಬೆಳೆದದ್ದರಲ್ಲಿ ಅರ್ಧ ಹೊಲದಲ್ಲೇ ಉದುರಿತು, ಉಳಿದದ್ದನ್ನು ಅಕ್ಕಿ ಮಾಡಿಕೊಡಲು ಗಿರಣಿಯವರು ಒಪ್ಪಲಿಲ್ಲ. ಬಿತ್ತನೆಯಿಂದ ಅಡುಗೆಯವರೆಗೆ ವಿವರವಾಗಿ ತಿಳಿಸಿ.

ಉತ್ತರ: ನಿಮ್ಮ ಜಮೀನಿಗೆ ಕೊರಲೆ ಎಂಬ ಈ ಸಣ್ಣ ಸಿರಿಧಾನ್ಯ ಹೊಂದುತ್ತದೆ. ತುಮಕೂರು, ಚಿತ್ರದುರ್ಗ, ಚಿಕ್ಕಬಳ್ಳಾಪುರ ಜಿಲ್ಲೆಗಳ ಒಣಭಾಗ ಮತ್ತು ಪಕ್ಕದ ಅನಂತಪುರದ ಸೀಮೆ ಇದರ ಮನೆಯೇ. ಬಳ್ಳಾರಿ ಬಳಿಯ ಸಂಗನಕಲ್ಲಿನಂಥ ನವಶಿಲಾಯುಗದ ನೆಲೆಗಳಲ್ಲಿ ಸಿಕ್ಕ ಸುಟ್ಟ ಕಾಳುಗಳಲ್ಲಿ ಕೊರಲೆ ಮುಖ್ಯವಾದದ್ದು. ಅಂದರೆ ಸುಮಾರು 4,000 ವರ್ಷದಿಂದ ಈ ಮಣ್ಣು, ಈ ಮಳೆಗೆ ಒಗ್ಗಿಕೊಂಡು ಬಂದ ಬೆಳೆ. ತೆಳು ಮಣ್ಣು, ಕಲ್ಲು ಗರಸು, ನಡುವೆ ಮೂರು ವಾರ ಮಳೆ ಹಿಡಿದುಕೊಂಡರೂ ಎದ್ದು ನಿಲ್ಲುವ ಗುಣ ಅದಕ್ಕಿದೆ.

ಆದರೆ ಒಂದೇ ಬೆಳೆಯಿಂದ ಒಳ್ಳೆಯ ಕಾಳು, ಒಳ್ಳೆಯ ಹುಲ್ಲು ಎರಡನ್ನೂ ತೆಗೆಯುತ್ತೇವೆ ಎನ್ನುವ ಮಾತನ್ನು ನಂಬಬೇಡಿ. ಹುಲ್ಲಿನಲ್ಲಿ ಸಾರ ಇರುವುದು ಹೊಡೆ ಒಡೆದು ತೆನೆ ಹೊರಬರುವ ಹೊತ್ತಿಗೆ, ಅಂದರೆ 45ರಿಂದ 55ನೇ ದಿನದೊಳಗೆ. ಕಾಳು ಬಲಿಯುವುದು 75ರಿಂದ 80ನೇ ದಿನಕ್ಕೆ. ಅಷ್ಟರಲ್ಲಿ ಎಲೆಯ ಸಾರವೆಲ್ಲ ಕಾಳಿಗೆ ಏರಿ, ಉಳಿಯುವುದು ಬರಿಯ ಹೊಟ್ಟೆ ತುಂಬಿಸುವ ಒಣಹುಲ್ಲು. ಬಿತ್ತುವ ಬೀಜದ ಪ್ರಮಾಣ, ಬಿತ್ತುವ ತಿಂಗಳು, ಗೊಬ್ಬರ, ಕೊಯ್ಲು ಎಲ್ಲವೂ ಎರಡಕ್ಕೂ ಬೇರೆ ಬೇರೆ. ಆದ್ದರಿಂದ ಹೊಲವನ್ನೇ ಎರಡು ಮಾಡಿ. ನಿಮ್ಮ 80 ಗುಂಟೆಯಲ್ಲಿ 50 ಗುಂಟೆ ಕಾಳಿಗೆ, 30 ಗುಂಟೆ ಮೇವಿಗೆ ಎಂದಿಟ್ಟುಕೊಂಡು ಮುಂದಿನ ಲೆಕ್ಕ ಕೊಟ್ಟಿದ್ದೇನೆ.

ಮೇವಿನ 30 ಗುಂಟೆ

ಇದನ್ನು ಮುಂಗಾರಿನ ಮೊದಲ ಹದಕ್ಕೇ ಬಿತ್ತಿ. ಮೃಗಶಿರಾ, ಆರಿದ್ರಾ ಮಳೆಗೆ ಬಿತ್ತಿದರೆ ಆಗಸ್ಟ್ ಹೊತ್ತಿಗೆ ಕಟಾವಾಗಿ ನೆಲ ಖಾಲಿಯಾಗುತ್ತದೆ. ಅದೇ ನೆಲಕ್ಕೆ ಹುಬ್ಬೆ, ಉತ್ತರೆ ಮಳೆಯಲ್ಲಿ ಹುರುಳಿ ಹಾಕಬಹುದು. ಕಾಳಿನ ಕೊರಲೆ ಹಾಕಿದ ಜಾಗದಲ್ಲಿ ಈ ಅವಕಾಶ ಸಿಗುವುದಿಲ್ಲ.

ಎಕರೆಗೆ 5 ಕೆಜಿ ಬೀಜದ ಲೆಕ್ಕದಲ್ಲಿ 30 ಗುಂಟೆಗೆ ಸುಮಾರು 4 ಕೆಜಿ ಬೇಕು. ಇಲ್ಲಿ ದಟ್ಟವಾಗಿ ಬರುವುದೇ ಒಳ್ಳೆಯದು. ದಟ್ಟವಾದಷ್ಟೂ ಕಾಂಡ ತೆಳುವಾಗಿ ದನ ಪೂರ್ತಿ ತಿನ್ನುತ್ತದೆ, ಕಳೆಗೂ ಜಾಗ ಸಿಗುವುದಿಲ್ಲ. ಕೈಯಲ್ಲಿ ಚೆಲ್ಲಿ ಬಿತ್ತಬಹುದು. ಚೆಲ್ಲಿದ ಮೇಲೆ ಮುಳ್ಳುಕೊಂಪೆಯನ್ನೋ ಹಗುರವಾದ ಹಲುಬೆಯನ್ನೋ ಒಂದು ಸಲ ಎಳೆದರೆ ಸಾಕು. ಇಡೀ 30 ಗುಂಟೆಯನ್ನು ಒಂದೇ ದಿನ ಬಿತ್ತಬೇಡಿ. ಹತ್ತು ಹತ್ತು ಗುಂಟೆಯಾಗಿ, ಮಳೆ ನೋಡಿಕೊಂಡು ಹತ್ತು ಹದಿನೈದು ದಿನದ ಅಂತರದಲ್ಲಿ ಬಿತ್ತಿ. ಒಟ್ಟಿಗೆ ಬಿತ್ತಿದರೆ ಒಟ್ಟಿಗೇ ಬಲಿಯುತ್ತದೆ, ಕೊನೆಯ ಭಾಗ ಕೊಯ್ಯುವ ಹೊತ್ತಿಗೆ ತೆನೆ ಗಟ್ಟಿಯಾಗಿ ಹುಲ್ಲು ನಾರಾಗಿರುತ್ತದೆ.

ಮಳೆ ಸಾಧಾರಣವಾಗಿದ್ದರೆ ಎಕರೆಗೆ 5 ಟನ್ ಆಸುಪಾಸು ಹಸಿಹುಲ್ಲು ನಿರೀಕ್ಷಿಸಿ. 30 ಗುಂಟೆಗೆ ಮೂರೂಮುಕ್ಕಾಲು ಟನ್ ಆಯಿತು. ಒಣಗಿಸಿದರೆ ಅದು ಸುಮಾರು ಒಂದು ಟನ್ನಿಗೆ ಇಳಿಯುತ್ತದೆ. ಒಂದೊಂದು ಹಸುವಿಗೆ ದಿನಕ್ಕೆ 7 ಕೆಜಿ ಒಣಮೇವು ಎಂದರೆ ಎರಡು ಹಸುವಿಗೆ 14 ಕೆಜಿ, ಅಲ್ಲಿಗೆ ಇದು 70 ದಿನದ ಮೇವು. ಕಾಳಿನ 50 ಗುಂಟೆಯ ಒಣಹುಲ್ಲು ಇನ್ನೊಂದು ಟನ್ ಅಥವಾ ತುಸು ಹೆಚ್ಚು ಬಂದರೂ ಎರಡೂ ಸೇರಿ ಐದು ತಿಂಗಳ ಆಚೆಗೆ ಹೋಗುವುದಿಲ್ಲ, ಅದೂ ಕುರಿಗಳನ್ನು ಬಯಲಿಗೆ ಹೊಡೆದರೆ. ಬೇಸಿಗೆಗೆ ಹುರುಳಿ ಹೊಟ್ಟು, ತೊಗರಿ ಹೊಟ್ಟು, ಸಿಕ್ಕರೆ ರಾಗಿಹುಲ್ಲು ಇವನ್ನು ಕೂಡಿಸಿಟ್ಟುಕೊಳ್ಳಲೇಬೇಕು. ಕೊರಲೆಯೊಂದರಿಂದಲೇ ವರ್ಷ ಕಳೆಯುತ್ತದೆ ಎಂದು ಯಾರಾದರೂ ಹೇಳಿದರೆ ಈ ಲೆಕ್ಕ ತೋರಿಸಿ.

ಕಟಾವಿನ ಹೊತ್ತು ಗುರುತಿಸುವುದು ಸುಲಭ. ಹೊಲದಲ್ಲಿ ನಾಲ್ಕು ಗಿಡಕ್ಕೊಂದರಂತೆ ಹೊಡೆಯಿಂದ ತೆನೆ ಇಣುಕುತ್ತಿದ್ದರೆ ಕುಡುಗೋಲು ಹಿಡಿಯಿರಿ. ನೆಲದಿಂದ ಒಂದು ಗೇಣು ಬಿಡದಿದ್ದರೂ ನಾಲ್ಕು ಬೆರಳಗಲವಾದರೂ ಬಿಟ್ಟು ಕೊಯ್ಯಿರಿ. ಮಳೆ ಬಿದ್ದರೆ ಬುಡದಿಂದ ಮತ್ತೊಂದು ಚಿಗುರು ಬರುತ್ತದೆ. ಅದು ಇನ್ನೊಂದು ಕೊಯ್ಲಿಗೆ ಸಾಲದು, ಕುರಿ ಮೇಯಿಸಲು ಸಾಕು. ಮೇಯಿಸಿ ಮುಗಿಸಿಯೇ ಹುರುಳಿಗೆ ಉಳುಮೆ ಮಾಡಿ.

ಕೊರಲೆಯ ಕಾಂಡ ಜೋಳದ ದಂಟಿಗಿಂತ ಎಷ್ಟೋ ತೆಳು. ಹಾಗಾಗಿ ಒಣಗಿಸಿಡಲು ಇದರಷ್ಟು ಸಲೀಸು ಬೇರೆ ಇಲ್ಲ. ಬಿಸಿಲಿದ್ದರೆ ಕೊಯ್ದಲ್ಲೇ ಹರಡಿ, ಮಧ್ಯಾಹ್ನ ಒಮ್ಮೆ ಮಗುಚಿ, ಎರಡು ಮೂರು ದಿನದಲ್ಲಿ ಕಟ್ಟಬಹುದು. ಒಂದು ಹಿಡಿ ಹುಲ್ಲನ್ನು ತಿರುಚಿ ನೋಡಿ. ಗೆಣ್ಣಿನ ಹತ್ತಿರ ನೀರು ಕಾಣಿಸದಿದ್ದರೆ, ಆದರೆ ಎಲೆ ಇನ್ನೂ ಪುಡಿಯಾಗದಿದ್ದರೆ ಅದೇ ಹದ. ಹಸಿಯಿದ್ದಾಗಲೇ ಬಣವೆ ಒಟ್ಟಿದರೆ ಒಳಗೆ ಕಾವು ಹೆಚ್ಚಿ ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಹುಲ್ಲನ್ನು ಗಬ್ಬದ ಹಸುವಿಗಂತೂ ಹಾಕಲೇಬೇಡಿ.

ಎಳೆ ಜೋಳದಂತೆ ಇದರಲ್ಲಿ ಸಯನೈಡ್ ವಿಷದ ಭಯವಿಲ್ಲ. ಹಾಗೆಂದು ಪೂರ್ತಿ ಮೈಮರೆಯಬಾರದು. ಯೂರಿಯಾ ಹೆಚ್ಚಾಗಿ ಹಾಕಿ, ಆಮೇಲೆ ಮಳೆ ಕೈಕೊಟ್ಟು ಬೆಳೆ ಬಾಡಿದರೆ ಯಾವ ಹುಲ್ಲಿನ ಬುಡದಲ್ಲಾದರೂ ನೈಟ್ರೇಟ್ ಶೇಖರವಾಗುತ್ತದೆ. ಅಂಥ ಬೆಳೆಯನ್ನು ಮಳೆ ಬಿದ್ದ ತಕ್ಷಣ ಮೇಯಿಸದೆ ಒಂದು ವಾರ ತಡೆಯಿರಿ, ಖಾಲಿ ಹೊಟ್ಟೆಯ ದನವನ್ನು ಅದಕ್ಕೆ ಬಿಡಬೇಡಿ. ಇನ್ನೊಂದು ಮಾತು ಕುರಿಗೆ ಸಂಬಂಧಿಸಿದ್ದು. ಕೊರಲೆ ಸೇರಿದ ಬ್ರಾಕಿಯೇರಿಯ ಕುಲದ ಕೆಲವು ಹುಲ್ಲುಗಳನ್ನೇ ಬಹುದಿನ ತಿಂದ ಕುರಿಗಳಲ್ಲಿ ಪಿತ್ತಜನಕಾಂಗ (ಲಿವರ್) ಕೆಟ್ಟು, ಬಿಸಿಲು ತಗುಲಿದ ಕಡೆ ಚರ್ಮ ಊದಿ ಸುಲಿಯುವ ತೊಂದರೆ ಕಂಡುಬಂದಿದೆ. ಕಿವಿ, ಮೂತಿ ಊದಿಕೊಂಡು ಕುರಿ ನೆರಳು ಹುಡುಕುತ್ತಿದ್ದರೆ ಆ ಮೇವು ನಿಲ್ಲಿಸಿ ಪಶುವೈದ್ಯರನ್ನು ಕರೆಸಿ. ಬೇರೆ ಹುಲ್ಲು, ಸೊಪ್ಪಿನ ಜೊತೆ ಅರ್ಧಕ್ಕರ್ಧ ಬೆರೆಸಿ ಹಾಕುವುದು ಒಳ್ಳೆಯ ಪದ್ಧತಿ.

ಕಾಳಿನ 50 ಗುಂಟೆ

ಇದಕ್ಕೆ ಅವಸರ ಬೇಡ. ಜೂನ್‌ನಲ್ಲೇ ಬಿತ್ತಿದರೆ 80 ದಿನಕ್ಕೆ, ಅಂದರೆ ಸೆಪ್ಟೆಂಬರ್ ಮಳೆಯ ನಡುವೆ ತೆನೆ ಬಲಿಯುತ್ತದೆ. ನಿಮ್ಮ ಕಡೆ ವರ್ಷದ ಜೋರು ಮಳೆ ಬೀಳುವುದೇ ಆಗ. ಉದುರಿಹೋಗುವ ಬೆಳೆಗೆ ಅದಕ್ಕಿಂತ ಕೆಟ್ಟ ಕಾಲ ಇಲ್ಲ. ಪುಷ್ಯ, ಆಶ್ಲೇಷ ಮಳೆ, ಎಂದರೆ ಜುಲೈ ಕೊನೆಯ ವಾರದಿಂದ ಆಗಸ್ಟ್ ಮಧ್ಯದೊಳಗೆ ಬಿತ್ತಿದರೆ ಹೂವಾಡಿ ಕಾಳು ಕಟ್ಟುವಾಗ ಸೆಪ್ಟೆಂಬರ್ ಮಳೆ ಸಿಗುತ್ತದೆ, ಕೊಯ್ಲು ಅಕ್ಟೋಬರ್ ಮಧ್ಯಕ್ಕೆ ಅಥವಾ ಕೊನೆಗೆ ಬರುತ್ತದೆ. ಆಗಲೂ ಚಿತ್ತೆ ಮಳೆ ಕಾಡಬಹುದು, ಆದ್ದರಿಂದ ಒಂದು ದೊಡ್ಡ ಟಾರ್ಪಾಲು ಮೊದಲೇ ತಂದಿಟ್ಟುಕೊಳ್ಳಿ. ಆಗಸ್ಟ್ ಮಧ್ಯ ದಾಟಿದರೆ ಸುಳಿನೊಣ ಜಾಸ್ತಿ, ಕಾಳು ತುಂಬುವ ಹೊತ್ತಿಗೆ ತೇವವೂ ಇರುವುದಿಲ್ಲ.

ಬೀಜದ ವಿಷಯದಲ್ಲಿ ಬಹುತೇಕ ರೈತರು ಕೈ ಬಿಗಿ ಹಿಡಿಯುವುದಿಲ್ಲ. ಲೆಕ್ಕ ನೋಡಿ. ಕೊರಲೆಯ 1,000 ಕಾಳು ಸುಮಾರು 3 ಗ್ರಾಂ ತೂಗುತ್ತದೆ, ಎಂದರೆ 2 ಕೆಜಿಯಲ್ಲಿ ಆರು ಲಕ್ಷಕ್ಕೂ ಹೆಚ್ಚು ಕಾಳಿರುತ್ತದೆ. ಸಾಲಿನಿಂದ ಸಾಲಿಗೆ 30 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಇಟ್ಟರೆ ಎಕರೆಗೆ ಬೇಕಾಗುವ ಗಿಡ ಬರೀ 1.35 ಲಕ್ಷ. ಮೊಳಕೆ ಕೆಟ್ಟದ್ದು, ಇರುವೆ ಹೊತ್ತದ್ದು, ಆಳಕ್ಕೆ ಹೋಗಿ ಸತ್ತದ್ದು ಎಲ್ಲ ಕಳೆದರೂ ಎಕರೆಗೆ 2 ಕೆಜಿ ಧಾರಾಳ. 50 ಗುಂಟೆಗೆ ಎರಡೂವರೆ ಕೆಜಿ ಸಾಕು. ಚೆಲ್ಲಿ ಬಿತ್ತುವುದೇ ಆದರೆ ಎಕರೆಗೆ 3ರಿಂದ 4 ಕೆಜಿ ಬೇಕಾಗುತ್ತದೆ, ಆದರೆ ಕಾಳಿನ ಬೆಳೆಯನ್ನು ಚೆಲ್ಲಿ ಬಿತ್ತಬೇಡಿ ಎಂಬುದೇ ನನ್ನ ಸಲಹೆ. ಎಡೆ ಹೊಡೆಯಲು ಆಗುವುದಿಲ್ಲ. ಜೊತೆಗೆ ದಟ್ಟವಾದ ಕಡೆ ತೆನೆ ಗಿಡ್ಡ, ತೆಳುವಾದ ಕಡೆ ಬುಡದಿಂದ ತೆಂಡೆ (ಕವಲು) ಹೊಡೆದು ತಡವಾಗಿ ತೆನೆ ಬರುತ್ತದೆ. ಹಾಗೆ ಒಂದೇ ಹೊಲದಲ್ಲಿ ಹಸಿರು ತೆನೆಯೂ ಉದುರುತ್ತಿರುವ ತೆನೆಯೂ ಕಾಣುತ್ತವೆ. ನಿಮ್ಮ ಪಕ್ಕದವರ ನಷ್ಟ ಇಲ್ಲಿಂದಲೇ ಶುರುವಾಗಿರುವ ಸಾಧ್ಯತೆ ಹೆಚ್ಚು.

ಬೀಜ ಊರಿನದ್ದಾದರೂ ಪರವಾಗಿಲ್ಲ, ಗೊತ್ತಿರುವ ಹೊಲದ್ದಾಗಿರಲಿ. ಸುಧಾರಿತ ತಳಿಯೇ ಬೇಕೆಂದರೆ ಬಳ್ಳಾರಿ ಬಳಿಯ ಹಗರಿ ಕೃಷಿ ಸಂಶೋಧನಾ ಕೇಂದ್ರದಿಂದ ಬಂದ ಎಚ್‌ಬಿಆರ್-2 ಇದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಸಣ್ಣ ಸಿರಿಧಾನ್ಯ ವಿಭಾಗದಲ್ಲೂ ವಿಚಾರಿಸಬಹುದು. ಯಾವುದೇ ಬೀಜ ತಂದರೂ 100 ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಸುತ್ತಿ ಆರೇಳು ದಿನ ಇಡಿ. 80 ಮೊಳೆತರೆ ಬಿತ್ತಿ. 60 ಮಾತ್ರ ಮೊಳೆತರೆ ಬೀಜವನ್ನು ಮೂರನೇ ಒಂದು ಪಾಲು ಹೆಚ್ಚಿಸಿ. ಅದಕ್ಕಿಂತ ಕಡಿಮೆಯಾದರೆ ಬೇರೆ ಬೀಜ ಹುಡುಕಿ. ಕಾಡಿಗೆ ರೋಗ (ಕಾಳು ಕಪ್ಪು ಪುಡಿಯಾಗುವ ರೋಗ) ಇದ್ದ ಹೊಲದ ಬೀಜವಾದರೆ ಕೆಜಿಗೆ 2 ಗ್ರಾಂ ಕಾರ್ಬೆಂಡಜಿಂ ಬೆರೆಸಿ ಉಪಚರಿಸಬೇಕು. ಅಜೋಸ್ಪಿರಿಲಂ ಜೀವಾಣು ಗೊಬ್ಬರವನ್ನು ಬೀಜಕ್ಕೆ ಲೇಪಿಸುವವರು ಈ ಔಷಧಿಯ ಜೊತೆಗೇ ಬೆರೆಸಬಾರದು. ಬೀಜಕ್ಕೆ ಔಷಧಿ ಹಾಕಿ, ಜೀವಾಣುವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹೊಲಕ್ಕೆ ಕೊಡಿ.

ಕೂರಿಗೆಯಲ್ಲಿ ಬಿತ್ತುವಾಗ ಬೀಜದ ಐದು ಪಟ್ಟು ಜರಡಿ ಹಿಡಿದ ಮರಳನ್ನೋ ಪುಡಿಗೊಬ್ಬರವನ್ನೋ ಬೆರೆಸಿಕೊಳ್ಳಿ, ಇಲ್ಲದಿದ್ದರೆ ಸಣ್ಣ ಕಾಳು ಕೈಯಿಂದ ಜಾರಿ ಗುಂಪಾಗಿ ಬೀಳುತ್ತದೆ. ಆಳ ಒಂದರಿಂದ ಎರಡು ಸೆಂ.ಮೀ. ಮೀರಬಾರದು. ಕೆಂಪು ಮಣ್ಣಿನಲ್ಲಿ ಬಿತ್ತಿದ ಮೇಲೆ ಬಿರುಮಳೆ ಬಿದ್ದು ಬಿಸಿಲು ಕಾದರೆ ಮೇಲೆ ಹಪ್ಪಳದಂತೆ ಹೆಪ್ಪುಗಟ್ಟುತ್ತದೆ, ಮೊಳಕೆ ಅದನ್ನು ಸೀಳಿ ಬರಲಾರದೆ ಒಳಗೇ ಸುರುಳಿಯಾಗುತ್ತದೆ. ನಾಲ್ಕನೇ ದಿನ ಹೊಲಕ್ಕೆ ಹೋಗಿ ಬೆರಳಲ್ಲಿ ಕೆದಕಿ ನೋಡಿ. ಮೇಲೆ ಹೆಪ್ಪು, ಕೆಳಗೆ ಬಿಳಿ ಮೊಳಕೆ ಕಂಡರೆ ಮುಳ್ಳುಕೊಂಪೆ ಎಳೆದು ಹೆಪ್ಪು ಒಡೆಯಿರಿ. ಎರಡು ದಿನ ತಡವಾದರೆ ಮತ್ತೆ ಬಿತ್ತಬೇಕಾಗುತ್ತದೆ.

ಗೊಬ್ಬರ ಎಕರೆಗೆ ನಾಲ್ಕೈದು ಗಾಡಿ ಕೊಟ್ಟಿಗೆ ಗೊಬ್ಬರ, ಅಂದರೆ 2ರಿಂದ 2.5 ಟನ್. ರಾಸಾಯನಿಕ ಕೊಡುವುದಾದರೆ ಸಣ್ಣ ಸಿರಿಧಾನ್ಯಗಳ ಶಿಫಾರಸಿನಂತೆ ಹೆಕ್ಟೇರಿಗೆ 40 ಕೆಜಿ ಸಾರಜನಕ, 20 ಕೆಜಿ ರಂಜಕ, 20 ಕೆಜಿ ಪೊಟ್ಯಾಷ್. ಎಕರೆಗೆ ಇದು 50 ಕೆಜಿ ಸೂಪರ್ ಫಾಸ್ಫೇಟ್, 13 ಕೆಜಿ ಮ್ಯೂರಿಯೇಟ್ ಆಫ್ ಪೊಟ್ಯಾಷ್, 35 ಕೆಜಿ ಯೂರಿಯಾ ಆಗುತ್ತದೆ. ಸೂಪರ್, ಪೊಟ್ಯಾಷ್ ಪೂರ್ತಿ ಮತ್ತು ಅರ್ಧ ಯೂರಿಯಾ ಬಿತ್ತುವಾಗ, ಉಳಿದರ್ಧ ಯೂರಿಯಾ ಮೊದಲ ಎಡೆ ಹೊಡೆದ ಮೇಲೆ ತೇವ ನೋಡಿ ಕೊಡಿ. ತೇವ ಇಲ್ಲದಿದ್ದರೆ ಎರಡನೇ ಕಂತನ್ನು ಬಿಟ್ಟೇಬಿಡಿ. ‘ಇನ್ನೊಂದಿಷ್ಟು ಹಾಕೋಣ’ ಎಂದು ಯೂರಿಯಾ ಏರಿಸಿದರೆ ಗಿಡ ಎತ್ತರಕ್ಕೆ ಹೋಗಿ ತೆನೆಯ ಭಾರಕ್ಕೆ ಮಲಗುತ್ತದೆ. ಮಲಗಿದ ಕೊರಲೆಯನ್ನು ಉದುರಿಸದೆ ಕೊಯ್ಯುವುದು ಸಾಧ್ಯವೇ ಇಲ್ಲ.

ಮೊದಲ 30 ದಿನ ಕಳೆಯದ್ದೇ ಚಿಂತೆ. ಕೊರಲೆ ಮೊದಲೆರಡು ವಾರ ನಿಧಾನ, ಆಮೇಲೆ ನೆಲ ಮುಚ್ಚುತ್ತದೆ. 20ರಿಂದ 25ನೇ ದಿನಕ್ಕೆ ಎಡೆಕುಂಟೆ ಹೊಡೆದು, ಸಾಲಿನೊಳಗಿನ ಕಳೆಯನ್ನು ಕೈಯಿಂದ ಕಿತ್ತು, ಅದೇ ಓಡಾಟದಲ್ಲಿ ದಟ್ಟವಾದ ಕಡೆ ಗಿಡ ತೆಳುಮಾಡಿ. ಕಾಡುಹುಲ್ಲುಗಳ ಸಸಿಗೂ ಕೊರಲೆ ಸಸಿಗೂ ವ್ಯತ್ಯಾಸ ಈ ಹಂತದಲ್ಲಿ ಕಣ್ಣಿಗೆ ಸುಲಭವಾಗಿ ಕಾಣುವುದಿಲ್ಲ. ಸಾಲು ಬಿಟ್ಟು ಹೊರಗೆ ಬಂದದ್ದನ್ನೆಲ್ಲ ಕಳೆ ಎಂದೇ ತಿಳಿದು ತೆಗೆಯುವುದು ಕ್ಷೇಮ. ಸಾಲುಬಿತ್ತನೆಯ ಇನ್ನೊಂದು ಅನುಕೂಲ ಇದು.

ಅಕ್ಕಡಿಗೆ, ಅಂದರೆ ನಡುನಡುವೆ ಹಾಕುವ ಜೊತೆಬೆಳೆಗೆ, ಎಂಟು ಸಾಲು ಕೊರಲೆ, ಎರಡು ಸಾಲು ತೊಗರಿ ಅಥವಾ ಅವರೆ ಇಡಿ. ತೊಗರಿಯಾದರೆ ಬಿತ್ತನೆ ಜುಲೈ ಒಳಗೇ ಮುಗಿಯಬೇಕು, ಆಗಸ್ಟಿಗೆ ಹೋದರೆ ಅವರೆಯೇ ವಾಸಿ. ಕೊರಲೆ ಕೊಯ್ದ ಮೇಲೆ ಅವರೆಗೆ ಜಾಗ, ಗಾಳಿ, ಬೆಳಕು ಎಲ್ಲ ಸಿಗುತ್ತದೆ. ಅಕ್ಕಡಿ ಸಾಲಿನ ಹೊಟ್ಟು ಬೇಸಿಗೆಯಲ್ಲಿ ಕೊರಲೆ ಹುಲ್ಲಿನ ಜೊತೆ ಬೆರೆಸಲು ಅಗತ್ಯವಾಗಿ ಬೇಕು.

ಹುಣಸೆಮರದ ನೆರಳಿನ ಬಗ್ಗೆ ಹೇಳಲೇಬೇಕು. ಸಣ್ಣ ಧಾನ್ಯಗಳಲ್ಲಿ ಮರದ ನೆರಳನ್ನು ಕೊರಲೆಯಷ್ಟು ತಡೆದುಕೊಳ್ಳುವುದು ಮತ್ತೊಂದಿಲ್ಲ, ಹುಣಸೆತೋಪುಗಳಲ್ಲಿ ಇದನ್ನು ಬೆಳೆಯುವ ರೂಢಿ ಹಳೆಯದು. ಆದರೆ ತಡೆದುಕೊಳ್ಳುತ್ತದೆ ಎಂದರೆ ಬಯಲಿನಷ್ಟೇ ಕೊಡುತ್ತದೆ ಎಂದಲ್ಲ. ನೆರಳಿನ ಬೆಳೆ ತಡವಾಗಿ ಬಲಿಯುತ್ತದೆ, ತೆನೆ ಸಣ್ಣದು. ನೆರಳಿನ ಭಾಗವನ್ನು ಬೇರೆಯಾಗಿಯೇ ಕೊಯ್ಯಿರಿ, ಬಯಲಿನ ಭಾಗ ಅದಕ್ಕಾಗಿ ಕಾಯಬಾರದು. ಅಥವಾ ಆ ಪಟ್ಟಿಯನ್ನು ಮೇವಿಗೇ ಬಿಡಿ. ಒಂದೇ ಒಂದು ಕಡೆ ಕೊರಲೆ ಹಾಕಬಾರದು: ನೀರು ನಿಲ್ಲುವ ತಗ್ಗು. ಎರಡು ದಿನ ನೀರು ನಿಂತರೆ ಎಲೆ ಹಳದಿಯಾಗಿ ಅಲ್ಲಿಗೆ ಮುಗಿಯಿತು.

ಕೀಟ, ರೋಗದ ಕಾಟ ಹೆಚ್ಚಿಲ್ಲ. ಎಳೆಗಿಡದ ನಡುಸುಳಿ ಒಣಗಿ, ಎಳೆದರೆ ಸಲೀಸಾಗಿ ಕೈಗೆ ಬಂದರೆ ಅದು ಸುಳಿನೊಣ. ಅಂಥ ಗಿಡ ಕಿತ್ತು ಹೊಲದಾಚೆ ಹಾಕಿ, ಪಕ್ಕದ ಗಿಡ ತೆಂಡೆ ಹೊಡೆದು ಜಾಗ ತುಂಬಿಕೊಳ್ಳುತ್ತದೆ. ದಟ್ಟ ಬೆಳೆಯಲ್ಲಿ ಮೋಡ ಕವಿದ ವಾರಗಳಲ್ಲಿ ಬುಡದ ಎಲೆಗವಚದ ಮೇಲೆ ಕಂದು ಪಟ್ಟೆಗಳ ಅಂಗಮಾರಿ ಬರುತ್ತದೆ. ಅದಕ್ಕೆ ಮದ್ದು ಸಾಲಿನ ಅಂತರವೇ. ನಿಜವಾದ ಶತ್ರು ಹಕ್ಕಿ. ಸುತ್ತ ಎಲ್ಲೂ ಕೊರಲೆ ಇಲ್ಲದೆ ನಿಮ್ಮದೊಂದೇ ಹೊಲ ಮೊದಲು ಬಲಿತರೆ ಊರ ಹಕ್ಕಿಯೆಲ್ಲ ಅಲ್ಲೇ ಇರುತ್ತದೆ. ಪಕ್ಕದವರ ಜೊತೆ ಮಾತಾಡಿಕೊಂಡು ಒಂದೇ ವಾರದಲ್ಲಿ ಬಿತ್ತಿ. ಹಾಲುಗಾಳಿನ ಹಂತದಿಂದ ಕೊಯ್ಲಿನವರೆಗಿನ ಮೂರು ವಾರ ಬೆಳಗ್ಗೆ, ಸಂಜೆ ಕಾವಲು ಬೇಕು.

ಉದುರುವುದನ್ನು ತಡೆಯುವ ಕೊಯ್ಲು

ಕೊರಲೆಯ ತೆನೆ ತುದಿಯಿಂದ ಬುಡಕ್ಕೆ ಬಲಿಯುತ್ತದೆ. ತುದಿಯ ಕಾಳು ಉದುರಲು ಸಿದ್ಧವಾದಾಗ ಬುಡದ್ದು ಇನ್ನೂ ಹಾಲು ತುಂಬಿಕೊಂಡಿರುತ್ತದೆ. ಪೂರ್ತಿ ಬಲಿಯಲಿ ಎಂದು ಕಾದರೆ ಮೇಲಿನ ದಪ್ಪ ಕಾಳು ನೆಲದ ಪಾಲು. ಅವಸರಪಟ್ಟರೆ ಜಳ್ಳು. ಈ ಎರಡರ ನಡುವೆ ಇರುವುದು ನಾಲ್ಕೈದು ದಿನ ಅಷ್ಟೆ.

70ನೇ ದಿನದಿಂದ ದಿನ ಬಿಟ್ಟು ದಿನ ಹೊಲ ಸುತ್ತಿ. ಹೊಲದ ನಡುವೆ ಹತ್ತು ಕಡೆ ತೆನೆ ಹಿಡಿದು, ಕೆಳಗೆ ಅಂಗೈ ಒಡ್ಡಿ ಬೆರಳಿನಿಂದ ಮೆಲ್ಲಗೆ ತಟ್ಟಿ. ಏನೂ ಬೀಳದಿದ್ದರೆ ಕಾಯಿರಿ. ಎರಡು ಮೂರು ಕಾಳು ಬಿದ್ದರೆ ಮಾರನೆಯ ಬೆಳಗ್ಗೆಯೇ ಕೊಯ್ಲು. ಅಂಗೈ ತುಂಬ ಬಿದ್ದರೆ ತಡವಾಗಿದೆ ಎಂದರ್ಥ. ಬಿದ್ದ ಕಾಳನ್ನು ಉಗುರಿನಿಂದ ಒತ್ತಿದರೆ ಗುರುತು ಮೂಡಬಾರದು. ತೆನೆಯ ನಾಲ್ಕರಲ್ಲಿ ಮೂರು ಪಾಲು ಹಸಿರು ಬಿಟ್ಟು ಕಂದಿಗೆ ತಿರುಗಿರಬೇಕು. ಎಲೆ, ಕಾಂಡ ಇನ್ನೂ ಅರೆಹಸಿರಿರುತ್ತದೆ, ಅದನ್ನು ನೋಡಿ ಮೋಸ ಹೋಗಬೇಡಿ. ರಾಗಿಯಲ್ಲಿ ಗಿಡ ಒಣಗುವವರೆಗೆ ಕಾದ ಅಭ್ಯಾಸ ಇಲ್ಲಿ ನಷ್ಟ ತರುತ್ತದೆ.

ಕೊಯ್ಲು ಇಬ್ಬನಿ ಆರುವ ಮೊದಲು ನಡೆಯಲಿ, ಬಿಸಿಲೇರಿ ತೆನೆ ಗರಿಗರಿಯಾದರೆ ಕುಡುಗೋಲು ತಾಕಿದರೂ ಕಾಳು ಉದುರುತ್ತದೆ. ಒಂಬತ್ತು ಗಂಟೆಗೆ ನಿಲ್ಲಿಸಿ ಉಳಿದದ್ದನ್ನು ಮಾರನೆಯ ದಿನ ಕೊಯ್ಯಿರಿ. ಕೊಯ್ದ ಹಿಡಿಗಳನ್ನು ನೆಲದ ಮೇಲೆ ಹಾಕದೆ ನೇರ ಟಾರ್ಪಾಲಿನ ಮೇಲೆ ಇಟ್ಟು, ಅದರ ಸಮೇತ ಕಣಕ್ಕೆ ಹೊರಿ. ಕಣದಲ್ಲಿ ತೆನೆ ಒಳಮುಖವಾಗಿ ಸಣ್ಣ ಗುಡ್ಡೆಯಾಗಿ ಮೂರು ನಾಲ್ಕು ದಿನ ಒಟ್ಟಿಡಿ. ಬುಡದ ಅರೆಬಲಿತ ಕಾಳು ಆಗ ಗಟ್ಟಿಯಾಗುತ್ತದೆ. ದಿನಕ್ಕೊಮ್ಮೆ ಗುಡ್ಡೆಯ ನಡುವೆ ಕೈ ಹಾಕಿ ನೋಡಿ, ಬಿಸಿ ಎನಿಸಿದರೆ ತಕ್ಷಣ ಹರಡಬೇಕು.

ಬಡಿಯುವುದನ್ನು ಟಾರ್ಪಾಲಿನ ಮೇಲೆ ಅಥವಾ ಸಿಮೆಂಟು ಕಣದಲ್ಲಿ ಮಾಡಿ. ಮಣ್ಣಿನ ಕಣ, ಡಾಂಬರು ರಸ್ತೆ ಬೇಡವೇ ಬೇಡ. ಕೊರಲೆ ಕಾಳಿನಷ್ಟೇ ಗಾತ್ರದ ಗರಸು ಕಲ್ಲು ಒಮ್ಮೆ ಸೇರಿಕೊಂಡರೆ ಮೊರದಲ್ಲಿ ಕೇರಿದರೂ ಜರಡಿ ಹಿಡಿದರೂ ಬಿಡುವುದಿಲ್ಲ. ಗಿರಣಿಯವರು ಹಿಂದೇಟು ಹಾಕುವುದಕ್ಕೆ ಮೊದಲ ಕಾರಣವೇ ಈ ಕಲ್ಲು. ತೂರಿ, ಎರಡು ಮೂರು ಬಿಸಿಲು ಚೆನ್ನಾಗಿ ಒಣಗಿಸಿ, ಹಲ್ಲಿಗೆ ಹಾಕಿದರೆ ‘ಕಟ್’ ಎನ್ನುವಂತಾದ ಮೇಲೆ ಚೀಲಕ್ಕೆ ತುಂಬಿ. ಮೇಲಿನ ಎಲ್ಲ ಕ್ರಮ ಅನುಸರಿಸಿ ಮಳೆ ಜೊತೆಗಿದ್ದರೆ ಎಕರೆಗೆ 4ರಿಂದ 6 ಕ್ವಿಂಟಾಲ್ ಕಾಳು ನಿರೀಕ್ಷಿಸಬಹುದು.

ಉದುರಿದ ಕಾಳು ಮುಂದಿನ ವರ್ಷ ತಾನಾಗಿ ಮೊಳೆಯುತ್ತದೆ. ಆ ಜಾಗಕ್ಕೆ ಮತ್ತೆ ರಾಗಿ ಹಾಕಿದರೆ ಕೊರಲೆಯೇ ಕಳೆಯಾಗುತ್ತದೆ. ಮೊದಲ ಮಳೆಗೆ ಮೊಳೆಯಲು ಬಿಟ್ಟು, ಕುಂಟೆ ಹೊಡೆದು ಮಗುಚಿ, ಆಮೇಲೆ ಶೇಂಗಾ, ಅಲಸಂದೆಯಂಥ ದ್ವಿದಳ ಹಾಕಿ. ಬೋರ್‌ವೆಲ್ ಇದ್ದು ಟೊಮ್ಯಾಟೊ ಬೆಳೆಯುವವರಿಗೆ ಒಂದು ಲಾಭ ಇದೆ. ಬೇರುಗಂಟು ಜಂತುಹುಳುವಿನ ಸಂಖ್ಯೆ ತಗ್ಗಿಸಲು ಅಮೆರಿಕದ ಆಗ್ನೇಯ ಭಾಗದಲ್ಲಿ ಟೊಮ್ಯಾಟೊ, ಮೆಣಸಿನಕಾಯಿಯ ಸರದಿಯಲ್ಲಿ ಕೊರಲೆಯನ್ನು ಬಳಸುತ್ತಾರೆ. 1915ರ ಸುಮಾರಿಗೆ ಭಾರತದಿಂದಲೇ ಅಲ್ಲಿಗೆ ಹೋದ ಬೆಳೆ ಅದು, ಅಲ್ಲಿ ಬಹುಪಾಲು ಒಣಹುಲ್ಲಿಗೂ ಹಕ್ಕಿಗಳ ಆಹಾರಕ್ಕೂ ಬೆಳೆಯುತ್ತಾರೆ.

ಅಕ್ಕಿ ಮಾಡಿಸುವುದು

ರಾಗಿಗೆ ಸಿಪ್ಪೆ ತೆಗೆಯುವ ಕೆಲಸವಿಲ್ಲ, ನೇರ ಬೀಸಿದರಾಯಿತು. ಕೊರಲೆ ಹಾಗಲ್ಲ. ಕಾಳಿಗೆ ಗಟ್ಟಿಯಾದ, ಅಂಟಿಕೊಂಡ ಹೊರಕವಚ ಇದೆ. ಭತ್ತದ ಗಿರಣಿಗೆ ಹಾಕಿದರೆ ಒಂದೋ ಹಾಗೇ ಹೊರಬರುತ್ತದೆ, ಇಲ್ಲವೇ ನುಚ್ಚಾಗುತ್ತದೆ. ಬೇಕಾದದ್ದು ಸಿರಿಧಾನ್ಯದ ಸಿಪ್ಪೆ ಬಿಡಿಸುವ ಯಂತ್ರ. ಕಾಳನ್ನು ವೇಗವಾಗಿ ಎಸೆದು ಗೋಡೆಗೆ ಬಡಿಸಿ ಸಿಪ್ಪೆ ಒಡೆಯುವ ಮಾದರಿ ಇದಕ್ಕೆ ಹೊಂದುತ್ತದೆ. ರೈತ ಉತ್ಪಾದಕರ ಸಂಸ್ಥೆಗಳು, ಕೆಲವು ಸ್ತ್ರೀಶಕ್ತಿ ಸಂಘಗಳು ಇಂಥ ಘಟಕ ನಡೆಸುತ್ತವೆ. ಬಿತ್ತುವ ಮುಂಚೆಯೇ ವಿಳಾಸ, ಕನಿಷ್ಠ ಎಷ್ಟು ಕಾಳು ಬೇಕು, ಕೂಲಿ ಎಷ್ಟು ಎಂದು ಕೇಳಿಟ್ಟುಕೊಳ್ಳಿ. ಬಹಳಷ್ಟು ಕಡೆ ಒಂದು ಚೀಲಕ್ಕಾಗಿ ಯಂತ್ರ ಹಾಕುವುದಿಲ್ಲ, ಅಕ್ಕಪಕ್ಕದವರು ಕೂಡಿ ಒಯ್ಯಬೇಕು.

ಗಿರಣಿಗೆ ಒಯ್ಯುವ ಹಿಂದಿನ ದಿನ ಕಾಳನ್ನು ಇನ್ನೊಮ್ಮೆ ಬಿಸಿಲಿಗೆ ಹಾಕಿ. ತೇವ ಶೇ. 12 ದಾಟಿದರೆ ಸಿಪ್ಪೆ ಬಾಗುತ್ತದೆಯೇ ಹೊರತು ಒಡೆಯುವುದಿಲ್ಲ. ಅತಿಯಾಗಿ ಒಣಗಿದರೆ ಅಕ್ಕಿಯೇ ಮುರಿಯುತ್ತದೆ. ಇನ್ನೊಂದು ಕೆಲಸ ಜರಡಿ ಹಿಡಿದು ದಪ್ಪ ಕಾಳು, ಸಣ್ಣ ಕಾಳು ಬೇರೆ ಮಾಡುವುದು. ಒಂದೇ ವೇಗದಲ್ಲಿ ಎರಡನ್ನೂ ಓಡಿಸಿದರೆ ದಪ್ಪದ್ದು ನುಚ್ಚು, ಸಣ್ಣದು ಹಾಗೇ. ಒಂದೇ ಸಲಕ್ಕೆ ಎಲ್ಲ ಸಿಪ್ಪೆ ಹೋಗುವಂತೆ ವೇಗ ಏರಿಸಲು ಹೇಳಬೇಡಿ. ಮೊದಲ ಸುತ್ತಿನಲ್ಲಿ ಬಿಡದ ಕಾಳನ್ನು ಬೇರ್ಪಡಿಸಿ ಎರಡನೇ ಸುತ್ತಿಗೆ ಹಾಕುವುದೇ ಸರಿ. 100 ಕೆಜಿ ಕಾಳಿಗೆ 50ರಿಂದ 60 ಕೆಜಿ ಅಕ್ಕಿ ಬಂದರೆ ಒಳ್ಳೆಯ ಕೆಲಸ. ಅಕ್ಕಿ ಮಾಸಲು ಬಣ್ಣ, ತುಸು ಹಸಿರು ಛಾಯೆಯಲ್ಲಿರಬೇಕು. ಬೆಳ್ಳಗೆ ಹೊಳೆಯುತ್ತಿದ್ದರೆ ತೌಡಿನ ಜೊತೆ ನಾರೂ ಹೋಗಿದೆ, ನೀವು ಕೊರಲೆ ತಿನ್ನುವ ಉದ್ದೇಶವೇ ಅರ್ಧ ಕಳೆದುಹೋಯಿತು.

ಮನೆಮಟ್ಟಕ್ಕೆ ಒರಳು ಒನಕೆ ಇದ್ದರೆ ಅದರಷ್ಟು ನಾಜೂಕು ಬೇರಿಲ್ಲ. ಮಿಕ್ಸಿಯಲ್ಲೂ ಆಗುತ್ತದೆ. ಸಣ್ಣ ಜಾರಿಗೆ ಒಂದು ಲೋಟ ಒಣ ಕಾಳು ಹಾಕಿ, ಎರಡು ಮೂರು ಸೆಕೆಂಡಿನಂತೆ ಬಿಟ್ಟು ಬಿಟ್ಟು ಐದಾರು ಸಲ ತಿರುಗಿಸಿ, ಮೊರದಲ್ಲಿ ಕೇರಿ, ಬಿಡದ ಕಾಳನ್ನು ಮತ್ತೆ ಹಾಕಿ. ಬರುವ ನುಚ್ಚು ಉಪ್ಪಿಟ್ಟಿಗೆ, ಅಂಬಲಿಗೆ.

ಸಿಪ್ಪೆ ಸಮೇತ ಕಾಳು ವರ್ಷಗಟ್ಟಲೆ ಹುಳು ಹಿಡಿಯದೆ ಇರುತ್ತದೆ, ಬರಗಾಲದ ದಾಸ್ತಾನಾಗಿ ಇದರ ಬೆಲೆ ಇರುವುದು ಅಲ್ಲಿಯೇ. ಅಕ್ಕಿ ಮಾಡಿದ ಮೇಲೆ ತೌಡಿನಲ್ಲಿರುವ ಎಣ್ಣೆಯಂಶ ಗಾಳಿಗೆ ಕೆಟ್ಟು ಎರಡು ತಿಂಗಳೊಳಗೆ ಕನರು ವಾಸನೆ ಹಿಡಿಯುತ್ತದೆ. ಹಿಟ್ಟಾದರೆ ಎರಡು ವಾರ. ಆದ್ದರಿಂದ ತಿಂಗಳಿಗೆ ಬೇಕಾದಷ್ಟೇ ಬಿಡಿಸಿ.

ಅಡುಗೆ ಮತ್ತು ಕೊಟ್ಟಿಗೆ

ಅನ್ನ ಗಟ್ಟಿ, ಗಂಟಲಿಗೆ ಚುಚ್ಚುತ್ತದೆ ಎನ್ನುವವರು ನೆನೆಸದೆ ಬೇಯಿಸಿದವರು. ತೊಳೆದು 6ರಿಂದ 8 ಗಂಟೆ ನೆನೆಸಿ. ತೊಳೆಯುವಾಗ ನೀರು ಅಲ್ಲಾಡಿಸಿ ಮೇಲಿನ ಅಕ್ಕಿಯನ್ನು ಬಗ್ಗಿಸಿಕೊಳ್ಳುತ್ತ ಬಂದರೆ ಉಳಿದ ಕಲ್ಲು ತಳದಲ್ಲಿ ನಿಲ್ಲುತ್ತದೆ. ಪಾತ್ರೆಯಲ್ಲಾದರೆ ಒಂದು ಲೋಟಕ್ಕೆ ಮೂರು ಲೋಟ ನೀರು, ಕುಕ್ಕರಿನಲ್ಲಿ ಎರಡೂವರೆ ಲೋಟ, ಎರಡು ಕೂಗು. ಇಳಿಸಿದ ಮೇಲೆ ಹತ್ತು ನಿಮಿಷ ಮುಚ್ಚಿಯೇ ಇಡಿ. ದೋಸೆಗೆ ಮೂರು ಪಾಲು ಕೊರಲೆ ಅಕ್ಕಿ, ಒಂದು ಪಾಲು ಉದ್ದು, ಒಂದು ಚಮಚ ಮೆಂತ್ಯ. ರೊಟ್ಟಿಗೆ ಹಿಟ್ಟನ್ನು ಕುದಿಯುವ ನೀರಿನಲ್ಲೇ ಕಲಸಬೇಕು, ಜಿಗುಟು ಇಲ್ಲದ ಹಿಟ್ಟು ತಣ್ಣೀರಿಗೆ ಒಡೆಯುತ್ತದೆ. ಅಂಬಲಿಗೆ ಒಂದು ಪಾಲು ನುಚ್ಚಿಗೆ ಎಂಟು ಪಾಲು ನೀರು, ಚೆನ್ನಾಗಿ ಬೇಯಿಸಿ ಆರಿಸಿ ರಾತ್ರಿ ಮಣ್ಣಿನ ಗಡಿಗೆಯಲ್ಲಿಟ್ಟು ಬೆಳಗ್ಗೆ ಮಜ್ಜಿಗೆ ಬೆರೆಸಿ. ಹೊಸಬರು ಮೊದಲ ವಾರ ದಿನಕ್ಕೊಂದೇ ಹೊತ್ತು ತಿನ್ನಲಿ, ನಾರು ಏಕಾಏಕಿ ಹೆಚ್ಚಾದರೆ ಹೊಟ್ಟೆ ಉಬ್ಬರಿಸುತ್ತದೆ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಕೊರಲೆ ತಿನ್ನುತ್ತಿದ್ದೇವೆ ಎಂದು ಮಾತ್ರೆ ನಿಲ್ಲಿಸಬಾರದು. ಇದರಲ್ಲೂ ಹೆಚ್ಚಿನ ಪಾಲು ಪಿಷ್ಟವೇ, ಅಳತೆ ಮೀರಿ ಉಂಡರೆ ಸಕ್ಕರೆ ಏರಿಯೇ ಏರುತ್ತದೆ.

ಗಿರಣಿಯಿಂದ ತೌಡು, ಸಿಪ್ಪೆ ಎರಡನ್ನೂ ಬೇರೆ ಬೇರೆ ತನ್ನಿ. ತೌಡನ್ನು ಎರಡು ವಾರದೊಳಗೆ ಹಸುವಿನ ಹಿಂಡಿಯ ಜೊತೆ ಮುಗಿಸಿ. ಸಿಪ್ಪೆಯಲ್ಲಿ ಮೇವಿನ ಸಾರ ಏನೂ ಇಲ್ಲ, ಕೊಟ್ಟಿಗೆಗೆ ಹಾಸಿ ತಿಪ್ಪೆಗೆ ಹಾಕಿ. ಜಳ್ಳು, ನುಚ್ಚು ಕಾಳನ್ನು ದನಕ್ಕೆ ಇಡಿಯಾಗಿ ಕೊಟ್ಟರೆ ಸಗಣಿಯಲ್ಲಿ ಹಾಗೇ ಹೊರಬರುತ್ತದೆ. ತರಿತರಿಯಾಗಿ ಒಡೆದು, ಹಿಂಡಿ ಮಿಶ್ರಣದ ನಾಲ್ಕನೇ ಒಂದು ಪಾಲಿಗಿಂತ ಹೆಚ್ಚಾಗದಂತೆ ಬೆರೆಸಿ.

ಬಡಿದ ಮೇಲಿನ ಒಣಹುಲ್ಲು ಮೃದು, ದನ ಬೇಸರವಿಲ್ಲದೆ ತಿನ್ನುತ್ತದೆ, ಆದರೆ ಪ್ರೋಟೀನು ಕಡಿಮೆ. ಬೇಸಿಗೆಯಲ್ಲಿ ಅದೊಂದೇ ಉಳಿದರೆ ಯೂರಿಯಾ ಉಪಚಾರ ಮಾಡಬಹುದು. 100 ಕೆಜಿ ಒಣಹುಲ್ಲಿಗೆ 4 ಕೆಜಿ ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಒಂದು ಹರಳೂ ಉಳಿಯದಂತೆ ಕರಗಿಸಿ, ಹುಲ್ಲನ್ನು ಪದರ ಪದರವಾಗಿ ಹಾಕುತ್ತ ಸಮನಾಗಿ ಚಿಮುಕಿಸಿ ತುಳಿದು, ಗಾಳಿಯಾಡದಂತೆ ಪ್ಲಾಸ್ಟಿಕ್ ಹಾಳೆ ಮುಚ್ಚಿ 21 ದಿನ ಬಿಡಿ. ತಿನ್ನಿಸುವ ಒಂದು ಗಂಟೆ ಮೊದಲು ಹರಡಿ ಘಾಟು ಹೋಗಲು ಬಿಡಬೇಕು. ಆರು ತಿಂಗಳೊಳಗಿನ ಕರುವಿಗೆ ಬೇಡ. ಯೂರಿಯಾ ಕರಗಿಸಿದ ಬಕೆಟ್ಟಿನ ನೀರು ದನದ ಬಾಯಿಗೆ ಸಿಕ್ಕರೆ ಪ್ರಾಣಕ್ಕೇ ಅಪಾಯ, ಆ ಕೆಲಸ ಕೊಟ್ಟಿಗೆಯಿಂದ ದೂರ ಮಾಡಿ.

ಮಾರಾಟಕ್ಕೆಂದೇ ಬೆಳೆಯುವ ಯೋಚನೆ ಇದ್ದರೆ ಮೊದಲ ವರ್ಷ ಬೇಡ. ಜೋಳ, ಸಜ್ಜೆ, ರಾಗಿಗೆ ಕೇಂದ್ರದ ಬೆಂಬಲ ಬೆಲೆ ಇದ್ದಂತೆ ಕೊರಲೆಗೆ ಇಲ್ಲ, ಬೆಲೆ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಸಣ್ಣ ಸಿರಿಧಾನ್ಯ ಬೆಳೆಯುವವರಿಗೆ ರಾಜ್ಯ ಸರ್ಕಾರದ ರೈತ ಸಿರಿ ಯೋಜನೆಯಲ್ಲಿ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ ಗೊತ್ತುಮಾಡಲಾಗಿತ್ತು. ಈ ಹಂಗಾಮಿಗೆ ಅರ್ಜಿ ಕರೆದಿದ್ದಾರೆಯೇ ಎಂದು ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಬಿತ್ತನೆಗೆ ಮೊದಲೇ ಕೇಳಿ, ಬೆಳೆ ಸಮೀಕ್ಷೆಯಲ್ಲಿ ಪಹಣಿಗೆ ‘ಕೊರಲೆ’ ಎಂದೇ ದಾಖಲಾಗುವಂತೆ ನೋಡಿಕೊಳ್ಳಿ. ಮುಂದಿನ ವರ್ಷದ ಬೀಜಕ್ಕೆ ಬಯಲಿನ ಭಾಗದಲ್ಲಿ, ಬದುವಿನಿಂದ ಒಳಗೆ, ಒಟ್ಟಿಗೆ ಬಲಿತ ಎರಡು ಗುಂಟೆ ಗುರುತಿಸಿ. ತಡವಾಗಿ ತೆನೆ ಬಿಟ್ಟ ಗಿಡ, ಬೇರೆ ಬಣ್ಣದ ತೆನೆ ಕಿತ್ತುಹಾಕಿ, ಅದನ್ನು ಬೇರೆಯಾಗಿ ಕೊಯ್ದು, ಯಂತ್ರಕ್ಕೆ ಹಾಕದೆ ಕೈಯಿಂದ ಬಡಿದು, ಬೇವಿನೆಲೆ ಹಾಕಿದ ಡಬ್ಬದಲ್ಲಿ ಇಟ್ಟುಕೊಳ್ಳಿ.